ಯಾರು ಯಾರಿಗೆ ಹೇಳಿದರು?

ಮಕ್ಕಳು ಪರೀಕ್ಷೆಯಲ್ಲಿ ತಪ್ಪು ಬರೆದರೆ ಅದು ಬರೀ ತಪ್ಪು. ಬದುಕು ನೋಡಿದ ದೊಡ್ಡವರು ಬರೆದರೆ ಆ ತಪ್ಪಿಗೂ ಒಂದು ನ್ಯಾಯವಿರುತ್ತದೆ. ತಿದ್ದಲು ಹೋದ ಮೇಷ್ಟ್ರೇ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ನಾನು ಹಾಗೆ ಸಿಕ್ಕಿಕೊಳ್ಳುವುದು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ.

ಕಳಸದ ಹತ್ತಿರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಭಾನುವಾರಗಳು ಬಹಳ ಉದ್ದವಾದವು. ಹಾಗಾಗಿ ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟುವ ದೊಡ್ಡವರಿಗೆ ಪಾಠ ಶುರು ಮಾಡಿದೆ. ಮೂವರು ಬಂದರು: ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ, ಕೊಟ್ಟಿಗೆಹಾರದ ಕಡೆಯ ಜೀಪ್ ಡ್ರೈವರ್, ಹೊರನಾಡಿನ ಲಾಡ್ಜಿನಲ್ಲಿ ಕೌಂಟರ್ ನೋಡಿಕೊಳ್ಳುವ ಹೆಂಗಸು.

ಮೂವರಲ್ಲಿ ಹೆಚ್ಚು ಆತುರವಿದ್ದದ್ದು ಮೇಸ್ತ್ರಿಗೆ. ಅವರ ಎಸ್ಟೇಟಿನಲ್ಲಿ ಹಾಜರಿ ಪುಸ್ತಕ ಬರೆಯುವ ರೈಟರ್ ಮಳೆಗಾಲಕ್ಕೆ ಮೊದಲು ನಿವೃತ್ತರಾಗುವವರಿದ್ದರು. “ಪಾಸಾದ್ರೆ ಆ ಕೆಲಸ ನಿಂಗೆ. ಇಲ್ಲದಿದ್ರೆ ಹೊರಗಿನವರನ್ನ ತರ್ತೀನಿ” ಎಂದು ಎಸ್ಟೇಟಿನ ಯಜಮಾನರಾದ ಸಾಹುಕಾರ್ರು ಹೇಳಿಬಿಟ್ಟಿದ್ದರು. ಉಳಿದ ವಿಷಯಗಳೆಲ್ಲ ಪಾಸಾಗಿದ್ದವು. ಕನ್ನಡ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಅದರಲ್ಲೂ ಪ್ರಬಂಧ, ಅದರಲ್ಲೂ ಉದ್ದೇಶಕ್ಕೆ ತಕ್ಕ ಉಲ್ಲೇಖವನ್ನು ಆರಿಸಿ ಬರೆಯುವುದು.

ಆಧಾರ

ಮೊದಲ ಭಾನುವಾರ ರಸ್ತೆ ಸುರಕ್ಷತೆಯ ಬಗ್ಗೆ ಬರೆದುಕೊಂಡು ಬರಲು ಹೇಳಿದೆ. “ಬರೀ ಅಭಿಪ್ರಾಯ ಬರೆದರೆ ಸಾಲದು. ಪ್ರತಿಯೊಂದು ಅಭಿಪ್ರಾಯಕ್ಕೂ ಆಧಾರ ಕೊಡಬೇಕು” ಎಂದೆ.

ಮುಂದಿನ ವಾರ ಡ್ರೈವರ್ ಎರಡು ಪುಟ ಬರೆದು ತಂದರು. ಹಿಂದೆ ಆಧಾರ್ ಕಾರ್ಡಿನ ಮೂರು ಜೆರಾಕ್ಸ್ ಪಿನ್ ಮಾಡಿದ್ದರು.

“ಮೂರು ಯಾಕೆ?”

“ಮೂರು ಅಭಿಪ್ರಾಯ ಬರೆದಿದ್ದೀನಲ್ಲ ಸಾರ್.”

ಆಧಾರ ಎಂದರೆ ಬಲ್ಲವರ ಮಾತು, ಉಲ್ಲೇಖ ಎಂದು ಬಿಡಿಸಿ ಹೇಳಲು ಹೊರಟೆ. ಅಷ್ಟರಲ್ಲಿ ಖಾಲಿ ಹಾಳೆ ಹಿಡಿದು ಕೂತಿದ್ದ ಮೇಸ್ತ್ರಿ ಎದ್ದು ನಿಂತರು. “ಸಾರ್, ನಂದು ಅಡ್ರೆಸ್ ಬದಲಾಯಿಸೋಕೆ ಕೊಟ್ಟಿದ್ದೀನಿ. ಅದು ಬರೋ ತನಕ ನಂಗೆ ಯಾವ ಅಭಿಪ್ರಾಯನೂ ಇಲ್ಲ.”

ಒಬ್ಬರು ಇನ್ನೊಬ್ಬರಿಗೆ

ಕನ್ನಡ ಪತ್ರಿಕೆಯಲ್ಲಿ ಒಂದು ಮಾತು ಕೊಟ್ಟು, ಅದನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರು ಎಂದು ಕೇಳುವುದು ಹಳೆಯ ಕ್ರಮ. ಅಕ್ಕ ತಂಗಿಯರ ಒಂದು ಸಣ್ಣ ಕಥೆಯನ್ನು ನಾನೇ ಬರೆದು ಓದಲು ಕೊಟ್ಟೆ. “ನಿನ್ನ ನಡತೆ ನನಗೆ ಹಿಡಿಸಲಿಲ್ಲ” ಎಂಬ ಮಾತಿನ ಮೇಲೆ ಪ್ರಶ್ನೆ ಹಾಕಿದೆ. ಮೇಸ್ತ್ರಿ ಆ ಜಾಗ ಖಾಲಿ ಬಿಟ್ಟಿದ್ದರು.

“ಕಥೆ ಓದಿಲ್ವಾ?”

“ಓದಿದ್ದೀನಿ ಸಾರ್. ಯಾರು ಹೇಳಿದ್ದು ಅಂತಾನೂ ಗೊತ್ತು, ಯಾರಿಗೆ ಅಂತಾನೂ ಗೊತ್ತು.”

“ಮತ್ತೆ ಬರೀರಿ.”

ಅವರು ದನಿ ತಗ್ಗಿಸಿದರು. “ಬೇಡ ಸಾರ್. ಹದಿನೆಂಟು ವರ್ಷ ಆಳುಗಳ ಲೈನ್ ಮನೆಗಳ ಮಧ್ಯೆ ಮೇಸ್ತ್ರಿಕೆ ಮಾಡಿದ್ದೀನಿ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸಿದವನಲ್ಲ.”

“ಇದು ಕಥೆ. ಅಕ್ಕನೂ ಇಲ್ಲ, ತಂಗಿನೂ ಇಲ್ಲ.”

“ಇರ್ಲಿ ಸಾರ್. ಅಕ್ಕ ತಂಗೀರ ಜಗಳಕ್ಕೆ ಮೂರನೆಯವರು ಹೋಗಬಾರದು.”

“ಮೂರು ಮಾರ್ಕು ಹೋಗುತ್ತೆ ಮಾರಾಯ!” ಎಂದು ಡ್ರೈವರ್ ತಲೆ ಚಚ್ಚಿಕೊಂಡರು.

ಅರ್ಧ ಗಂಟೆ ಒತ್ತಾಯಿಸಿದ ಮೇಲೆ ಮೇಸ್ತ್ರಿ ಒಂದು ಸಾಲು ಬರೆದು ಮುಂದೆ ತಳ್ಳಿದರು: “ಈ ಮಾತನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಸಂದರ್ಭ ಸರಿ ಇರಲಿಲ್ಲ.”

ಅತಿಥಿ ಸತ್ಕಾರ

ಮುಂದಿನ ಅಭ್ಯಾಸಕ್ಕೆ ಉದ್ದೇಶವನ್ನು ನಾನೇ ಬರೆದುಕೊಟ್ಟೆ: ‘ನಮ್ಮ ಕಡೆಯ ಜನ ಅತಿಥಿಗಳನ್ನು ಪ್ರೀತಿಯಿಂದ ಕಾಣುತ್ತಾರೆ ಎಂದು ಓದುಗರಿಗೆ ಮನವರಿಕೆ ಮಾಡಿಕೊಡುವುದು.’ ಇದಕ್ಕೆ ಸುತ್ತಮುತ್ತ ಕಂಡ, ಕೇಳಿದ ಮಾತುಗಳಿಂದ ಉಲ್ಲೇಖ ಆರಿಸಬೇಕಿತ್ತು.

ಲಾಡ್ಜಿನ ಹೆಂಗಸು ಬರೆದದ್ದು ಇಷ್ಟು: “ಅತಿಥಿಗಳೆಂದರೆ ನಮಗೆ ಪ್ರಾಣ. ಹಿರಿಯರು ಹೇಳಿದಂತೆ, ‘ಬಿಸಿನೀರು ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ.’ ಇನ್ನೊಂದು ಕಡೆ ಹೀಗೂ ಹೇಳಿದ್ದಾರೆ, ‘ಬಟ್ಟೆ ಒಗೆಯಬಾರದು, ಕೇಳಿದರೆ ಬಕೆಟ್ ಕೊಡುವುದಿಲ್ಲ.’”

“ಇದು ಉದ್ದೇಶಕ್ಕೆ ತದ್ವಿರುದ್ಧ ಅಲ್ವಾ?” ಎಂದೆ.

“ನಮ್ಮ ಲಾಡ್ಜಿನ ಬೋರ್ಡಲ್ಲಿ ಇದ್ದಿದ್ದು ಇದ್ದ ಹಾಗೇ ಬರೆದಿದ್ದೀನಿ ಸಾರ್. ಒಂದಕ್ಷರ ಬದಲಾಯಿಸಬಾರದು ಅಂತ ನೀವೇ ಹೇಳಿದ್ರಿ.”

“ಸರಿ, ಆ ಬೋರ್ಡಲ್ಲಿ ಪ್ರೀತಿಯ ಮಾತು ಒಂದೂ ಇಲ್ವಾ?”

ಅವರು ಬಹಳ ಯೋಚಿಸಿದರು. “ಒಂದಿದೆ ಸಾರ್. ‘ಧನ್ಯವಾದಗಳು, ಬೀಗದ ಕೈ ಕೊಟ್ಟು ಹೋಗಿ.’”

ಬಲ್ಲವರ ಮಾತು

ಇದರಿಂದ ಪಾಠ ಕಲಿತು, ಆಯ್ಕೆಗಳನ್ನೂ ನಾನೇ ಕೊಡುವುದೆಂದು ತೀರ್ಮಾನಿಸಿದೆ. ಜೇನು ಸಾಕಣೆಯ ಮೇಲೆ ಪ್ರಶ್ನೆ. ಮೂರು ಹೇಳಿಕೆ ಬರೆದು, ಪರೀಕ್ಷೆಯ ರೂಢಿಯಂತೆ ನಾಲ್ಕನೆಯದಾಗಿ ‘ಮೇಲಿನ ಯಾವುದೂ ಅಲ್ಲ’ ಎಂದು ಹಾಕಿದೆ. ಸೂಕ್ತವಾದದ್ದನ್ನು ಆರಿಸಿ ಪ್ರಬಂಧದಲ್ಲಿ ಬಳಸಿ ಎಂದೆ.

ಡ್ರೈವರ್ ಪ್ರಬಂಧ ಹೀಗೆ ಮುಗಿದಿತ್ತು: “ಆದ್ದರಿಂದ ಪ್ರತಿ ಮನೆಯಲ್ಲೂ ಜೇನುಪೆಟ್ಟಿಗೆ ಇರಲಿ. ಬಲ್ಲವರೊಬ್ಬರು ಹೇಳಿದಂತೆ, ‘ಮೇಲಿನ ಯಾವುದೂ ಅಲ್ಲ.’”

ಮನೆಯಲ್ಲಿ ತಿದ್ದುತ್ತಿದ್ದವನು ಇದನ್ನು ಓದಿ, “ಕೇಳಿಲ್ಲಿ” ಎಂದು ಅಡುಗೆಮನೆಯ ಕಡೆ ತಿರುಗಿದೆ. ಆಮೇಲೆ ಭಾನುವಾರದವರೆಗೆ ಕಾದು ಇವರಿಗೇ ಓದಿ ಹೇಳಿದೆ.

ಯಾರೂ ನಗಲಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿ ತಲೆದೂಗಿದರು. “ದೊಡ್ಡ ಮಾತು ಸಾರ್. ನಮ್ಮ ಎಸ್ಟೇಟಿಗೂ ಹೊಂದುತ್ತೆ.”

ಬರೋದಿಲ್ಲ

ಪರೀಕ್ಷೆಗೆ ಹಿಂದಿನ ಭಾನುವಾರ ಮೇಸ್ತ್ರಿ ಪ್ರಬಂಧದ ವಿಷಯಗಳ ಪಟ್ಟಿಯನ್ನು ನನ್ನ ಮುಂದೆ ಹರಡಿದರು. “ಇದು ಕೊನೇ ಸಲ ಸಾರ್. ಎಲ್ಲಾನೂ ಓದಕ್ಕಾಗಲ್ಲ, ಯಾವುದನ್ನ ಬಿಡಲಿ ಹೇಳಿ” ಎಂದರು. ಇಪ್ಪತ್ತಾರು ವರ್ಷದ ಅನುಭವದ ಮೇಲೆ ನಾನು ಹೇಳಿದೆ: “ಗ್ರಂಥಾಲಯ ಈ ಸಲ ಖಂಡಿತ ಬರೋದಿಲ್ಲ. ಅದನ್ನ ಮರೆತುಬಿಡಿ.”

ಗ್ರಂಥಾಲಯವೇ ಬಂತು. ‘ಗ್ರಾಮೀಣ ಗ್ರಂಥಾಲಯಗಳ ಅಗತ್ಯ: ಸೂಕ್ತ ಉಲ್ಲೇಖದೊಂದಿಗೆ ಬರೆಯಿರಿ.’ ಪತ್ರಿಕೆ ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ. ಮೇಸ್ತ್ರಿಗೆ ಮುಖ ತೋರಿಸಲು ಆಗದೆ ಕಳಸದ ಪೇಟೆಯಲ್ಲಿ ರಸ್ತೆಯ ಆಚೆ ಬದಿಯಲ್ಲಿ ನಡೆದೆ.

ಫಲಿತಾಂಶದ ದಿನ ಅವರೇ ಓಡಿ ಬಂದರು. ಪಾಸು. ಬೇಕಾದಷ್ಟೇ ಅಂಕ, ಒಂದೂ ಹೆಚ್ಚಿಲ್ಲ.

ಆದರೆ ಸಾಹುಕಾರ್ರು ಒಪ್ಪಲಿಲ್ಲ. “ಪಾಸಾಗಿದ್ದು ಸರಿ. ರೈಟರ್ ಅಂದ್ಮೇಲೆ ಅಕ್ಷರ ನೋಡ್ಬೇಕು, ಬರವಣಿಗೆ ನೋಡ್ಬೇಕು. ಉತ್ತರ ಪತ್ರಿಕೆ ತರಿಸು” ಎಂದರು. ಮೇಸ್ತ್ರಿ ಅರ್ಜಿ ಹಾಕಿ ನಕಲು ತರಿಸಿ, ಧೈರ್ಯಕ್ಕೆ ನನ್ನನ್ನೂ ಎಸ್ಟೇಟ್ ಆಫೀಸಿಗೆ ಕರೆದುಕೊಂಡು ಹೋದರು.

ಸಾಹುಕಾರ್ರು ಕನ್ನಡಕ ಹಾಕಿಕೊಂಡು ಪ್ರಬಂಧವನ್ನು ಗಟ್ಟಿಯಾಗಿ ಓದತೊಡಗಿದರು. ಹೇಳಿದವರು ಯಾರೆಂದು ಬರೆಯದಿದ್ದರೆ ಅಂಕವಿಲ್ಲ ಎಂದು ನಾನೇ ತಿಂಗಳುಗಟ್ಟಲೆ ಕಲಿಸಿದ್ದೆ. ಮೇಸ್ತ್ರಿ ಹಾಗೆಯೇ ಮಾಡಿದ್ದರು.

“ಗ್ರಂಥಾಲಯ ಬಹಳ ಮುಖ್ಯ. ಆದರೆ ನಮ್ಮ ಕನ್ನಡ ಮೇಷ್ಟ್ರು ಹೀಗೆ ಹೇಳಿದ್ದಾರೆ: ‘ಗ್ರಂಥಾಲಯ ಈ ಸಲ ಖಂಡಿತ ಬರೋದಿಲ್ಲ. ಅದನ್ನ ಮರೆತುಬಿಡಿ.’ ಈ ಕಾರಣದಿಂದ ನಾನು ಏನೂ ಓದಿಲ್ಲ. ನನ್ನಂಥವರು ಹಳ್ಳಿಗಳಲ್ಲಿ ಎಷ್ಟೋ ಜನ ಇದ್ದಾರೆ.”

ಉಲ್ಲೇಖದ ಕೆಳಗೆ ಮೌಲ್ಯಮಾಪಕರು ಕೆಂಪು ಗೆರೆ ಎಳೆದು, ಪಕ್ಕದಲ್ಲಿ ದೊಡ್ಡದಾಗಿ ರೈಟ್ ಹಾಕಿದ್ದರು. ಪ್ರಬಂಧಕ್ಕೆ ಪೂರ್ತಿ ಅಂಕ.

ಸಾಹುಕಾರ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಸರ್ಕಾರಿ ಕೆಲಸದಲ್ಲಿದ್ದುಕೊಂಡು, ಹಳ್ಳಿಗೆ ಗ್ರಂಥಾಲಯ ಬರೋದಿಲ್ಲ ಅಂತ ಇಷ್ಟು ಖಡಕ್ಕಾಗಿ ಹೇಳ್ಬೇಕಾದ್ರೆ ಧೈರ್ಯ ಬೇಕು ಮೇಷ್ಟ್ರೇ.” ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. “ಅಕ್ಷರ ಪರವಾಗಿಲ್ಲ. ಸೋಮವಾರದಿಂದ ನೀನೇ ರೈಟರ್.”

ಹೊರಗೆ ಬಂದ ಮೇಲೆ ನಾನು ಮೇಸ್ತ್ರಿಯ ಕೈ ಹಿಡಿದುಕೊಂಡೆ. “ತಪ್ಪಾಯ್ತು. ಬರೋದಿಲ್ಲ ಅಂದೆ, ಬಂದೇಬಿಡ್ತು.”

“ಅಯ್ಯೋ, ಅದಕ್ಕೇ ಸಾರ್ ಒಂದು ಮಾತು ಕೇಳ್ಬೇಕಿತ್ತು. ಮುಂದಿನ ವರ್ಷ ನಮ್ಮನೆಯವಳೂ ಪರೀಕ್ಷೆ ಕಟ್ತಾಳೆ. ಯಾವ್ಯಾವುದು ಬರೋದಿಲ್ಲ ಅಂತ ಒಂದು ಪಟ್ಟಿ ಬರೆದುಕೊಡಿ. ಅಷ್ಟನ್ನೇ ಓದ್ತಾಳೆ.”