ಫ್ಯಾಮಿಲಿ ರೂಮಿನ ಮೀನಿಗೆ ಕೋವಳಂ ಕಲ್ಲು

ಹೋಟೆಲಿನಲ್ಲಿ ಕೆಲಸ ಮಾಡುವವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಟೇಬಲ್ ಹಿಡಿದು ಕೂರುತ್ತವೆ, ಎಬ್ಬಿಸಿದರೂ ಏಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಮದರಾಸಿನ ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಸೂಪರ್‌ವೈಸರ್ ಆಗಿದ್ದಾಗ ಇಂಥದ್ದು ದಿನಕ್ಕೊಂದಾದರೂ ನಡೆಯುತ್ತಿತ್ತು. ಒಂದು ವರ್ಷ ಮಾತ್ರ ನಡೆದದ್ದೆಲ್ಲ ಕಲ್ಲಿನ ದೆಸೆಯಿಂದ.

೧. ಮೀನಿನ ಪರೀಕ್ಷೆ

ನಮ್ಮ ಧಣಿಗಳು ಕುಂದಾಪುರದ ಕಡೆಯವರು, ನಾನೂ ಅಲ್ಲಿಯವನೇ. ಅವರು ಯಾರದೋ ಬಂಗಲೆಗೆ ಹೋಗಿದ್ದಾಗ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ಈಜುವುದನ್ನು ನೋಡಿ ಬಂದರು. ತಿಂಗಳೊಳಗೆ ನಮ್ಮ ಫ್ಯಾಮಿಲಿ ರೂಮಿನಲ್ಲೂ ನಾಲ್ಕಡಿ ಉದ್ದದ ತೊಟ್ಟಿ ಬಂತು. ಅದರಲ್ಲಿ ಉಪ್ಪುನೀರು, ಪಟ್ಟೆಪಟ್ಟೆಯ ಐದು ಮೀನು.

ಅಡುಗೆಯ ಭಟ್ಟರು ಮೂಗು ಮುರಿದರು. "ಸಸ್ಯಾಹಾರಿ ಹೋಟೆಲಲ್ಲಿ ಮೀನು ಎಂತಕ್ಕೆ ಧಣಿ?"

"ತಿನ್ಲಿಕ್ಕಲ್ಲ ಮಾರಾಯ, ನೋಡ್ಲಿಕ್ಕೆ" ಅಂದರು ಧಣಿಗಳು.

ಆಮೇಲೆ ನನ್ನನ್ನು ಕರೆದರು. ನುಂಗಂಬಾಕ್ಕಂನಲ್ಲಿ ಹೊಸ ಬ್ರಾಂಚ್ ತೆರೆಯುವವರಿದ್ದರು. ಅದರ ಮ್ಯಾನೇಜರ್ ಆಗುವವನಿಗೆ ಮಹಡಿಯ ಮೇಲೆ ಎರಡು ಕೋಣೆ. ನನ್ನ ಹೆಂಡತಿ ಮದುವೆಯಾದ ಲಾಗಾಯ್ತಿನಿಂದ ಊರಿನಲ್ಲೇ ಇದ್ದಳು. ಆ ಎರಡು ಕೋಣೆ ಸಿಕ್ಕರೆ ಅವಳನ್ನು ಕರೆಸಿಕೊಳ್ಳಬಹುದಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ, ತುಂಬಾ ಬೇಕಾಗಿತ್ತು.

"ದೀಪಾವಳಿವರೆಗೆ ಈ ಮೀನು ಬದುಕಿದ್ರೆ ಬ್ರಾಂಚ್ ನಿಂಗೆ" ಅಂದರು. "ಸತ್ರೆ ಇಲ್ಲ. ಐದು ಮೀನು ನೋಡ್ಕೊಳ್ಳಿಕ್ಕಾಗದವ ಐನೂರು ಗಿರಾಕಿಗಳನ್ನು ಎಂತ ನೋಡ್ಕೊಳ್ತಿ?"

ಅದೇ ಸಂಜೆ ಒಬ್ಬ ಗಿರಾಕಿ ತೊಟ್ಟಿಯ ಮುಂದೆ ನಿಂತು, "ಈ ಮೀನುಗಳೂ ವೆಜಿಟೇರಿಯನ್ನಾ?" ಎಂದು ಕೇಳಿದರು. ಧಣಿಗಳು ಎದೆಯುಬ್ಬಿಸಿ, "ನಮ್ಮಲ್ಲಿ ಇರುವವರೆಲ್ಲ ವೆಜಿಟೇರಿಯನ್ನೇ" ಅಂದರು. ಮೀನುಗಳು ಆಗಷ್ಟೇ ಒಂದು ಇಡ್ಲಿ ತುಂಡನ್ನು ಮೂಸಿ ನೋಡಿ ಹಿಂದೆ ಸರಿದಿದ್ದವು. ಆಮೇಲೆ ಅವುಗಳಿಗೆ ನಾನು ಏನು ತಿನ್ನಿಸಿದೆ ಅಂತ ಧಣಿಗಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

೨. ನಿಂಬೆಹಣ್ಣಿನ ಸಾಮಿ

ಮೀನುಗಳು ದಿನವಿಡೀ ಒಂದು ಮೂಲೆಯಲ್ಲಿ ಮುದುಡಿಕೊಂಡು ನಿಲ್ಲುತ್ತಿದ್ದವು. ಸಂಜೆಯ ಕಾಫಿಗೆ ತಪ್ಪದೆ ಬರುತ್ತಿದ್ದ ಒಬ್ಬ ಮೇಷ್ಟ್ರಿದ್ದರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವರು, ಮೈಸೂರಿನವರು. ಅವರು ನೋಡಿ, "ಅಡಗಿಕೊಳ್ಳೋಕೆ ಜಾಗ ಇಲ್ಲ ಕಣ್ರೀ, ಹೆದರಿಕೊಂಡೇ ಸಾಯ್ತವೆ. ಸಮುದ್ರದ ದಂಡೆಯಿಂದ ತೂತಿರೋ ಕಲ್ಲು ತಂದು ಹಾಕಿ" ಅಂದರು. ಎಂಥ ಕಲ್ಲು ಅಂತ ಗೊತ್ತಾಗುವುದು ಹೇಗೆ? "ನಿಂಬೆರಸ ಹಿಂಡಿ. ನೊರೆ ಬಂದ್ರೆ ಸುಣ್ಣ ಇದೆ ಅಂತ. ಅಂಥದ್ದು ಒಳ್ಳೇದು."

ಮರೀನಾದಲ್ಲಿ ಮರಳು, ಕಡಲೆಕಾಯಿ ಸಿಪ್ಪೆ ಬಿಟ್ಟರೆ ಕಲ್ಲಿಲ್ಲ. ಹಾಗಾಗಿ ರಜೆಯ ದಿನ ಬಸ್ಸು ಹತ್ತಿ, ಮದರಾಸಿನ ದಕ್ಷಿಣಕ್ಕಿರುವ ಮೀನುಗಾರರ ಊರು ಕೋವಳಂಗೆ ಹೋದೆ. ಬಿಳಿ ಪಂಚೆ, ಹಣೆಗೆ ಗಂಧ, ಕೈಚೀಲದಲ್ಲಿ ಹತ್ತು ನಿಂಬೆಹಣ್ಣು. ದಂಡೆಯ ಮೇಲೆ ಒಂದೊಂದೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹಣ್ಣು ಕೊಯ್ದು, ಹಿಂಡಿ, ಕಣ್ಣು ಕೀಲಿಸಿ ಕಾಯುತ್ತಿದ್ದೆ. ಒಂದು ಕಲ್ಲು ಮಾತ್ರ ಬುಸಬುಸ ಅಂತ ನೊರೆ ಬಿಟ್ಟಿತು. ಸಂತೋಷಕ್ಕೆ ಎರಡೂ ಕೈ ಮುಗಿದೆ. ಕಲ್ಲು ಹೊರಲಾರದಷ್ಟು ದೊಡ್ಡದು. ಒಡೆಯಲು ಸುತ್ತಿಗೆ ಬೇಕಾಗಿತ್ತು.

ಮುಂದಿನ ವಾರ ಪ್ಯಾಂಟು ಹಾಕಿಕೊಂಡು, ಸುತ್ತಿಗೆ ಹಿಡಿದು ಹೋದೆ. ಕಲ್ಲಿಗೆ ಕುಂಕುಮ, ಮಲ್ಲಿಗೆ ಹಾರ, ಮುಂದೆ ಒಡೆದ ತೆಂಗಿನಕಾಯಿ. ನಾನು ಸುತ್ತಿಗೆ ಎತ್ತುವ ಮೊದಲೇ ಮೀನು ಮಾರುವ ಒಬ್ಬ ಮುದುಕಿ ಓಡಿಬಂದು ಕೈ ಹಿಡಿದಳು.

"ತೊಡಾದೀಂಗ ಸಾರ್, ಮುಟ್ಟಬೇಡಿ" ಅಂದಳು. "ಇದರಲ್ಲಿ ಶಕ್ತಿ ಇದೆ. ಹೋದ ವಾರ ಟೌನಿನಿಂದ ಒಬ್ಬ ದೊಡ್ಡ ಸಾಮಿ ಬಂದು ಎಬ್ಬಿಸಿ ಹೋಗಿದ್ದಾರೆ. ನಿಮ್ಮಂಥವರಿಗೆ ಅದೆಲ್ಲ ತಿಳಿಯಲ್ಲ."

೩. ಬೇಯದ ಗೆಡ್ಡೆ

ಸುತ್ತಮುತ್ತ ದೇವರಾಗದೆ ಉಳಿದಿದ್ದ ಅದೇ ಜಾತಿಯ ಸಣ್ಣ ಕಲ್ಲುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದೆ. ತೂತಿನಲ್ಲಿ ಏನೇನು ಹುಳು ಇರುತ್ತವೋ, ಕುದಿಸಿ ಹಾಕಿ ಅಂದಿದ್ದರು ಮೇಷ್ಟ್ರು. ಮಧ್ಯಾಹ್ನದ ಊಟ ಮುಗಿದು ಭಟ್ಟರು ಮಲಗಿದ ಹೊತ್ತು ನೋಡಿ, ಹಳೆಯ ಕೊಪ್ಪರಿಗೆಯೊಂದರಲ್ಲಿ ನೀರು ಹಾಕಿ, ಕಲ್ಲು ಸುರಿದು ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಹೊರಗೆ ಯಾರೋ ಕರೆದರು, ಹೋದೆ.

ಅರ್ಧ ಗಂಟೆ ಬಿಟ್ಟು ಬಂದರೆ ಭಟ್ಟರು ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದರು. ಕನ್ನಡಕ ಹಾಸಿಗೆಯ ಹತ್ತಿರವೇ ಉಳಿದಿತ್ತು. ಕೊಪ್ಪರಿಗೆಯಲ್ಲಿ ಕಂದು ಬಣ್ಣದ, ಗಂಟುಗಂಟಿನ ತುಂಡುಗಳನ್ನು ಕಂಡು, ರಾತ್ರಿಯ ಪಲ್ಯಕ್ಕೆ ಯಾರೋ ಸುವರ್ಣಗೆಡ್ಡೆ ಬೇಯಲು ಇಟ್ಟಿದ್ದಾರೆ ಅಂದುಕೊಂಡಿದ್ದರು. ಮರೆತಿದ್ದಾರೆಂದು ಉಪ್ಪು ಹಾಕಿದ್ದರು, ಅರಿಶಿನವನ್ನು ಕೈಬಿಚ್ಚಿ ಹಾಕಿದ್ದರು. ಸೌಟಿನ ತುದಿಯಿಂದ ಚುಚ್ಚಿ ನೋಡುತ್ತಿದ್ದರು, ಬೆಂಕಿ ಜೋರು ಮಾಡುತ್ತಿದ್ದರು, ಮತ್ತೆ ಚುಚ್ಚುತ್ತಿದ್ದರು.

ನಾನು ಅವರ ಹಿಂದಿನಿಂದ ಕೈ ಚಾಚಿ ಬೆಂಕಿ ಸಣ್ಣ ಮಾಡಿದೆ.

"ಮೂವತ್ತು ವರ್ಷದಿಂದ ಸೌಟು ಹಿಡಿದಿದ್ದೇನೆ" ಅಂದರು ಭಟ್ಟರು ದುಃಖದಿಂದ. "ಈ ಮದರಾಸಿನ ಗೆಡ್ಡೆಯಷ್ಟು ಹಟ ಎಲ್ಲೂ ಕಂಡದ್ದಿಲ್ಲ. ವಾಸನೆ ನೋಡಿದ್ರೆ ಮಾತ್ರ ಒಳಗಿನಿಂದ ಬೆಂದ ಹಾಗುಂಟು."

ವಿಷಯ ತಿಳಿದ ಮೇಲೆ ಅವರು ನನ್ನ ಜೊತೆ ಮೂರು ದಿನ ಮಾತು ಬಿಟ್ಟರು. ಕಲ್ಲುಗಳನ್ನು ಹತ್ತು ಸಲ ತೊಳೆದರೂ ಹಳದಿ ಪೂರ್ತಿ ಹೋಗಲಿಲ್ಲ. ತೊಟ್ಟಿಯಲ್ಲಿ ಅವು ಹೊಳೆಯುವುದನ್ನು ನೋಡಿ ಒಬ್ಬ ಗಿರಾಕಿ, "ಇಂಪೋರ್ಟೆಡ್ಡಾ?" ಎಂದು ಕೇಳಿದರು. ಭಟ್ಟರು ಅಡುಗೆಮನೆಯಿಂದಲೇ, "ಅಲ್ಲ, ಪಲ್ಯ" ಅಂದರು.

೪. ಒಪ್ಪಿಗೆ

ಆಮೇಲೆ ಅಡುಗೆಮನೆಗೆ ಕಲ್ಲಿನ ಪ್ರವೇಶ ನಿಷೇಧವಾಯಿತು. ಇದ್ದದ್ದು ಸಾಲದೆ ಎರಡನೆಯ ಸಲ ತಂದದ್ದನ್ನು ಕುದಿಸದೆಯೇ ಹಾಕಿದೆ. ಮೀನುಗಳು ಖುಷಿಯಾಗಿ ತೂತುಗಳಲ್ಲಿ ಒಳಗೆ ಹೊರಗೆ ಓಡಾಡತೊಡಗಿದವು, ನನಗೆ ಜೀವ ಬಂದ ಹಾಗಾಯಿತು.

ಆ ಭಾನುವಾರ ಫ್ಯಾಮಿಲಿ ರೂಮಿನಲ್ಲಿ ಹೆಣ್ಣು ನೋಡುವ ಕಾರ್ಯಕ್ರಮ. ಎರಡೂ ಕಡೆಯವರು ಕನ್ನಡಿಗರೇ. ಗಂಡು ಬ್ಯಾಂಕಿನವನು, ಪಲ್ಲಾವರಂನಲ್ಲಿ ಮನೆ. ಕೇಸರಿಬಾತು ಬಂತು, ಬೋಂಡ ಬಂತು. ಗಂಡಿನ ತಾಯಿ ಹುಡುಗಿಯನ್ನು ಪ್ರಶ್ನೆ ಕೇಳುತ್ತಿದ್ದರು: ಅಡುಗೆ ಬರುತ್ತಾ, ಹಾಡು ಬರುತ್ತಾ, ಧೈರ್ಯ ಇದೆಯಾ, ನಮ್ಮ ಹುಡುಗ ಟೂರ್ ಮೇಲೆ ಹೋದರೆ ಒಬ್ಬಳೇ ಇರಬೇಕಾಗುತ್ತೆ. ಹುಡುಗಿ ತಲೆ ತಗ್ಗಿಸಿ ಎಲ್ಲಕ್ಕೂ ಹೂಂ ಅನ್ನುತ್ತಿದ್ದಳು.

ಆಗ ತೊಟ್ಟಿಯ ಕಲ್ಲಿನ ತೂತಿನಿಂದ ಒಂದು ಏಡಿ ಹೊರಬಂತು. ಗಾಳಿಯ ಪೈಪು ಹಿಡಿದು ಮೇಲೆ ಹತ್ತಿ, ತೊಟ್ಟಿಯ ಅಂಚು ದಾಟಿ, ಪಕ್ಕದ ಮೇಜಿನ ಮೇಲೆ ಇಳಿದು, ಅಡ್ಡಡ್ಡ ನಡೆಯುತ್ತ ನೇರವಾಗಿ ಗಂಡಿನ ಬೋಂಡದ ತಟ್ಟೆಗೆ ಬಂತು. ಗಂಡು ಕಿರುಚಿ ಬೆಂಚಿನ ಮೇಲೆ ಹತ್ತಿ ನಿಂತ. ಹುಡುಗಿ ಸೆರಗು ಸಿಕ್ಕಿಸಿ, ಎರಡು ಬೆರಳಲ್ಲಿ ಏಡಿಯ ಬೆನ್ನು ಹಿಡಿದು ಎತ್ತಿ ತೊಟ್ಟಿಗೆ ಹಾಕಿದಳು, ಕೈ ಒರೆಸಿಕೊಂಡು ಮತ್ತೆ ತಲೆ ತಗ್ಗಿಸಿ ಕೂತಳು.

ಗಂಡಿನ ತಾಯಿಗೆ ಬಹಳ ಸಂತೋಷವಾಯಿತು. "ನಮಗೆ ಒಪ್ಪಿಗೆ. ನಿನ್ನ ಅಭಿಪ್ರಾಯ ಏನಮ್ಮ?" ಅಂದರು.

ಹುಡುಗಿ ಮೆಲ್ಲಗೆ, "ಅವರು ಮೊದಲು ಬೆಂಚಿಂದ ಇಳೀಲಿ ಆಂಟಿ, ಆಮೇಲೆ ಹೇಳ್ತೀನಿ" ಅಂದಳು.

೫. ಡಬ್ಬದಲ್ಲಿ ಏನು?

ದೀಪಾವಳಿಗೆ ಎಂಟು ದಿನ ಇತ್ತು. ಐದು ಮೀನೂ ಬದುಕಿದ್ದವು, ಆದರೆ ನೀರು ಕೆಟ್ಟು ಏದುಸಿರು ಬಿಡುತ್ತಿದ್ದವು. ಸಮುದ್ರದ ಹೊಸ ನೀರು, ಅದರಲ್ಲೇ ಮುಳುಗಿಸಿ ತಂದ ಹಸಿ ಕಲ್ಲು ಇವತ್ತೇ ಬೇಕು, ಇಲ್ಲದಿದ್ದರೆ ನಾಳೆಗೆ ಉಳಿಯಲ್ಲ ಅಂದರು ಮೇಷ್ಟ್ರು. ನಾನು ದೊಡ್ಡ ಎಣ್ಣೆ ಡಬ್ಬ ತೆಗೆದುಕೊಂಡು ಕೋವಳಂಗೆ ಓಡಿದೆ. ಅಡಿಯಲ್ಲಿ ಕಲ್ಲು, ಮೇಲೆ ಕಂಠದವರೆಗೆ ನೀರು.

ಆಗ ತಮಿಳುನಾಡಿನಲ್ಲಿ ಪಾನನಿಷೇಧ. ದಾರಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಒಬ್ಬ ಕಾನ್‌ಸ್ಟೇಬಲ್ ನನ್ನ ಡಬ್ಬಕ್ಕೆ ಲಾಠಿಯಿಂದ ಕುಟ್ಟಿ, "ಇದಿಲೆ ಎನ್ನ?" ಅಂದ, ಇದರಲ್ಲಿ ಏನು ಅಂತ.

"ಕಲ್ಲು" ಅಂದೆ.

ತಮಿಳಿನಲ್ಲೂ ಕಲ್ಲಿಗೆ ಕಲ್ಲೇ, ಹೆಂಡಕ್ಕೆ ಕಳ್ಳು. ಆದರೆ ಮದರಾಸಿನ ಬೀದಿಯ ಬಾಯಲ್ಲಿ ಲ, ಳ ಎರಡೂ ಒಂದೇ. ಅವನ ಹುಬ್ಬು ಏರಿದ್ದು ನೋಡಿ, ಸರಿಯಾಗಿ ಹೇಳೋಣ ಅಂತ, "ಕಲ್ಲು, ಕೂಡವೇ ತಣ್ಣಿ" ಎಂದು ಸೇರಿಸಿದೆ. ಕೂಡವೇ ಅಂದರೆ ಜೊತೆಗೆ, ತಣ್ಣಿ ಅಂದರೆ ನೀರು. ಅಲ್ಲಿ ಸಾರಾಯಿಗೂ ಅದೇ ಹೆಸರು ಅಂತ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಅವನು ಮುಚ್ಚಳ ತೆಗೆದ. ಬಸ್ಸಿನ ಕುಲುಕಾಟಕ್ಕೆ ಮೇಲೆಲ್ಲ ಬೆಳ್ಳಗೆ ನೊರೆ, ಪಾಚಿಯ ಹುಳಿ ವಾಸನೆ. ಸ್ಟೇಷನ್ನಿಗೆ ನಡೆ ಅಂದ.

ಅಲ್ಲಿ ಎಲ್ಲವನ್ನೂ ಚರಂಡಿಗೆ ಚೆಲ್ಲಲು ಹೊರಟರು. ನಾನು ಡಬ್ಬವನ್ನು ಎರಡೂ ಕೈಯಲ್ಲಿ ತಬ್ಬಿ ನೆಲದ ಮೇಲೆ ಕೂತುಬಿಟ್ಟೆ. "ಇಷ್ಟು ಪ್ರೀತಿನಾ?" ಅಂದರು ಇನ್ಸ್‌ಪೆಕ್ಟರ್. ಹೆಡ್ ಕಾನ್‌ಸ್ಟೇಬಲ್ ಹೋಟೆಲಿಗೆ ಫೋನ್ ಹಚ್ಚಿದರು. ಧಣಿಗಳ ಒಂದೊಂದು ಉತ್ತರವನ್ನೂ ಇನ್ಸ್‌ಪೆಕ್ಟರಿಗೆ ಗಟ್ಟಿಯಾಗಿ ಹೇಳತೊಡಗಿದರು.

"ಸಾರ್, ಕಲ್ಲು ತರೋಕೆ ಅವರೇ ಕಳಿಸಿದ್ದಂತೆ."

"ಸಾರ್, ಆಗಾಗ ತರಿಸ್ತಾರಂತೆ."

"ಸಾರ್, ಫ್ಯಾಮಿಲಿ ರೂಮಲ್ಲೇ ಇಟ್ಟಿದ್ದಾರಂತೆ. ಹೆಂಗಸರು ಮಕ್ಕಳಿಗೆ ಬಹಳ ಇಷ್ಟವಂತೆ."

ಕೊನೆಗೆ ಫೋನಿನ ಬಾಯಿ ಮುಚ್ಚಿಕೊಂಡು, "ನಮ್ಮನ್ನೂ ಕರೀತಿದ್ದಾರೆ ಸಾರ್, ಸಂಸಾರ ಸಮೇತ" ಅಂದರು.

ಅರ್ಧ ಗಂಟೆಯಲ್ಲಿ ಧಣಿಗಳು ಟ್ಯಾಕ್ಸಿಯಲ್ಲಿ ಬಂದರು. ಅವರು ಬಾಗಿಲಿಗೆ ಬರುವುದಕ್ಕೂ, ಇನ್ಸ್‌ಪೆಕ್ಟರರ ಅಪ್ಪಣೆಯಂತೆ ಹೆಡ್ ಕಾನ್‌ಸ್ಟೇಬಲ್ ಒಂದು ಲೋಟ ಬಾಯಿಗೆ ಹಾಕಿ ಫೂ ಎಂದು ಉಗಿಯುವುದಕ್ಕೂ ಸರಿಹೋಯಿತು.

"ಉಪ್ಪು ಸಾರ್, ಒಂದೇ ಉಪ್ಪು."

ಧಣಿಗಳು ಹೋಟೆಲಿನಲ್ಲೇ ಹಣ್ಣಾದವರು. ಉಪ್ಪಿನ ದೂರು ಕಿವಿಗೆ ಬಿದ್ದದ್ದೇ ತಡ, ಕೈ ಜೋಡಿಸಿ, "ಕ್ಷಮಿಸಬೇಕು ಸಾರ್, ಇವತ್ತು ಭಟ್ಟರು ಹೊಸಬರು" ಅಂದರು.

ಡಬ್ಬದೊಳಗೆ ಕೈ ಹಾಕಿ ಕಲ್ಲು ಎತ್ತಿ ತೋರಿಸಿದ ಮೇಲೆ ಇಡೀ ಸ್ಟೇಷನ್ ನಕ್ಕಿತು. ನಮ್ಮನ್ನು ಬಿಟ್ಟರು. ಟ್ಯಾಕ್ಸಿಯಲ್ಲಿ ಡಬ್ಬ ನನ್ನ ತೊಡೆಯ ಮೇಲೆ, ಒಂದು ಹನಿಯೂ ಚೆಲ್ಲಿರಲಿಲ್ಲ. ಆ ಹೆಡ್ ಕಾನ್‌ಸ್ಟೇಬಲ್ ಉಗಿದದ್ದು ಬಿಟ್ಟು. ಧಣಿಗಳು ಒಮ್ಮೆ ಡಬ್ಬ ನೋಡಿದರು, ಒಮ್ಮೆ ನನ್ನನ್ನು.

"ಪೊಲೀಸರು ಹಿಡಿದ್ರೂ ಮೀನಿನ ಚಿಂತೆಯಾ ನಿಂಗೆ?"

"ಮೀನಿನದ್ದಲ್ಲ ಧಣಿ" ಅಂದೆ. "ಹೆಂಡತಿಯದ್ದು."

ಅವರು ಕಿಟಕಿಯ ಹೊರಗೆ ನೋಡುತ್ತ, "ದೀಪಾವಳಿ ಎಲ್ಲ ಬೇಡ. ಅವಳಿಗೆ ಇವತ್ತೇ ಕಾಗದ ಬರೆ, ಬ್ರಾಂಚ್ ನಿಂಗೆ" ಅಂದರು. ನನಗೆ ಮಾತೇ ಹೊರಡಲಿಲ್ಲ.

"ಹಾಂ, ಹೀಗೇ ಇರು" ಅಂದರು ಧಣಿಗಳು. "ನುಂಗಂಬಾಕ್ಕಂನಲ್ಲಿ ಯಾರಾದ್ರೂ ಬಂದು ತಿಂಡಿ ಎಂತ ಉಂಟು ಅಂತ ಕೇಳಿದ್ರೆ ಬಾಯಿ ಬಿಡ್ಬೇಡ. ಬೋರ್ಡ್ ತೋರ್ಸು."