ಎಲ್ಡನ್ನನ ದೋಣಿಗೆ ಕರೆಂಟು ಬಂದದ್ದು

ನನ್ನ ಗಂಡ ನನ್ನ ಮಾತು ಕೇಳುತ್ತಾನೆ ಎಂದು ಎದೆ ತಟ್ಟಿ ಹೇಳಬಲ್ಲ ಹೆಂಗಸರು ನಮ್ಮ ಕೌಂಟಿಯಲ್ಲಿ ಹೆಚ್ಚು ಜನ ಇಲ್ಲ. ನಾನು ಹೇಳಿಕೊಳ್ಳುತ್ತಿದ್ದೆ. ಅಂಗಡಿಯಲ್ಲಿ, ಚರ್ಚಿನ ಕಾಫಿ ಮೇಜಿನಲ್ಲಿ, ಹಲ್ಲಿನ ಡಾಕ್ಟರು ಬಾಯಿಂದ ಕೈ ತೆಗೆದ ಬಿಡುವಿನಲ್ಲಿ ಕೂಡ. ಇದಕ್ಕೆ ಒಂದು ಸಣ್ಣ ಷರತ್ತಿತ್ತು, ಅದನ್ನು ಮಾತ್ರ ಹೇಳುತ್ತಿರಲಿಲ್ಲ: ಅವತ್ತು ಭಾನುವಾರವಾಗಿರಬೇಕು, ನಾವು ಊರಾಚೆಯ ಜಲ್ಲಿಗುಂಡಿಯ ಕೊಳದ ದಂಡೆಯಲ್ಲಿರಬೇಕು, ಎಲ್ಡನ್ನನ ಕೈಯಲ್ಲಿ ರೇಡಿಯೋ ಪೆಟ್ಟಿಗೆ ಇರಬೇಕು, ನೀರಿನ ಮೇಲೆ ಅವನ ದೋಣಿ ಓಡುತ್ತಿರಬೇಕು. ಒಂದು ಪಂದ್ಯಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಆ ಎರಡು ನಿಮಿಷ ನಾನು ಚಕ್ರವರ್ತಿನಿ. ಉಳಿದ ವಾರವೆಲ್ಲ ಏನು ಎಂದು ದಯವಿಟ್ಟು ಕೇಳಬೇಡಿ.

ದೋಣಿ ಎಂದರೆ ಹತ್ತಿ ಕೂರುವಂಥದ್ದಲ್ಲ, ದಂಡೆಯಲ್ಲಿ ನಿಂತು ರೇಡಿಯೋ ಪೆಟ್ಟಿಗೆಯಿಂದ ಓಡಿಸುವ, ತೋಳುದ್ದದ ಆಟದ ದೋಣಿ. (ಎಲ್ಡನ್ನನ ಎದುರು ‘ಆಟದ್ದು’ ಎನ್ನಬಾರದು. ನಾನು ಒಮ್ಮೆ ಅಂದು ಒಂದು ಇಡೀ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟವನ್ನು ಮೌನದಲ್ಲಿ ಮಾಡಿದ್ದೇನೆ.) ಹೆಸರು ‘ಮಿಸ್ ಡೀ’. ಡೀ ಎಂದರೆ ನಾನು. ವಿಪರೀತ ಗದ್ದಲ ಮಾಡುತ್ತದೆ, ಕಂಡಾಪಟ್ಟೆ ಕುಡಿಯುತ್ತದೆ, ಎರಡು ಪಂದ್ಯಕ್ಕೊಮ್ಮೆ ಬಿಚ್ಚಿ ಜೋಡಿಸದಿದ್ದರೆ ಮುನಿಸಿಕೊಳ್ಳುತ್ತದೆ. ನನ್ನ ಹೆಸರು ಯಾಕಿಟ್ಟೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನೀರಿನಲ್ಲಿ ನೆಟ್ಟ ಬಾವುಟಗಳ ಸುತ್ತ ಆರು ದೋಣಿಗಳು ಒಟ್ಟಿಗೆ ಓಡುತ್ತವೆ. ಓಡಿಸುವವನು ತನ್ನ ದೋಣಿಯಿಂದ ಕಣ್ಣು ಕೀಳುವ ಹಾಗಿಲ್ಲ. ಆದ್ದರಿಂದ ಪ್ರತಿಯೊಬ್ಬನ ಬೆನ್ನ ಹಿಂದೆಯೂ ಒಬ್ಬರು ನಿಂತು, ಯಾರು ಎಲ್ಲಿದ್ದಾರೆ, ಯಾವಾಗ ಒಳಗೆ ನುಗ್ಗಬೇಕು, ಯಾವಾಗ ಹೊರಗೆ ಸರಿಯಬೇಕು ಎಂದು ಕೂಗಿ ಹೇಳಬೇಕು. ಎಲ್ಡನ್ನನಿಗೆ ಕೂಗುವವಳು ನಾನು. ಮದುವೆಯಾದ ಮೊದಲ ಬೇಸಿಗೆಯಿಂದಲೂ ನಾನೇ. ನಿಂಬೆಹಣ್ಣಿನಷ್ಟು ಗಾತ್ರದ ಎಂಜಿನ್ನು, ಆದರೆ ಅದರ ಕಿರುಚಾಟ ಕೇಳಿದರೆ ಸೊಳ್ಳೆಗೆ ದೆವ್ವ ಹಿಡಿದು ಯಾರೋ ಅದರ ಕೈಗೆ ಮೈಕು ಕೊಟ್ಟಿದ್ದಾರೆ ಅನಿಸಬೇಕು. ಅಂಥವು ಆರು. ಅವುಗಳ ಮೇಲೆ ನಾನು ಕಿರುಚಬೇಕು, ಸಾಲದೆಂದು ಅವನ ಹೆಗಲಿಗೆ ಗುದ್ದಬೇಕು. ನಾನು ಕಿರುಚುತ್ತಿದ್ದೆ. ಅವನ ದೋಣಿ ಒಳಗೆ ನುಗ್ಗುತ್ತಿತ್ತು, ಹೊರಗೆ ಸರಿಯುತ್ತಿತ್ತು. ಇದಕ್ಕಿಂತ ಹೆಚ್ಚಿನ ದಾಂಪತ್ಯ ಸುಖ ಉಂಟೇ?

ಆದರೆ ಗಂಟಲು ಒಂದೇ ಅಲ್ಲವೇ. ಭಾನುವಾರ ಸಂಜೆಗೆ ನನ್ನ ದನಿ ಹೋಗಿಬಿಡುತ್ತಿತ್ತು. ತಿರುಗಿ ಬರಲು ಅರ್ಧ ವಾರ ಬೇಕು. ಆ ಅರ್ಧ ವಾರ ಎಲ್ಡನ್ ಬಹಳ ಗೆಲುವಾಗಿರುತ್ತಿದ್ದ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದರ ಬಗ್ಗೆ, ಕಾಲು ಕುಂಟುವ ವರಾಂಡದ ಬೆಂಚಿನ ಬಗ್ಗೆ, ಅವನ ತಂಗಿಯ ಬಗ್ಗೆ ನಾನು ಹೇಳಬೇಕಾದದ್ದೆಲ್ಲ ಎದೆಯಲ್ಲೇ ಹುಳಿಯುತ್ತಿತ್ತು. ವಾರದ ಮಾತೆಲ್ಲ ಕೊಳಕ್ಕೆ ಸುರಿದು ಮನೆಗೆ ಖಾಲಿ ಕೊಡ ಹೊತ್ತು ಬರುತ್ತಿದ್ದೆ.

ಹೀಗಿರುವಾಗ ನನಗೆ ಆ ಮಹಾನ್ ಯೋಚನೆ ಹೊಳೆಯಿತು. ಎಂಜಿನ್ನು ಕಿತ್ತು ಬ್ಯಾಟರಿ, ಮೋಟರು ಹಾಕಿಸಿದರೆ? ಸದ್ದಿರುವುದಿಲ್ಲ. ಸದ್ದಿಲ್ಲದಿದ್ದರೆ ಗಂಟಲು ಉಳಿಯುತ್ತದೆ. ಕೊಳದಲ್ಲಿ ನಡೆಯುವ ಆಳ್ವಿಕೆಯನ್ನು ಮನೆಯವರೆಗೂ ವಿಸ್ತರಿಸಬಹುದು.

"ದೋಣಿಗೆ ಕರೆಂಟು ಹಾಕ್ಸೋಣ," ಎಂದು ಒಂದು ಬೆಳಿಗ್ಗೆ ಮೊಟ್ಟೆ ಬಡಿಸುತ್ತ ಪಿಸುಗುಟ್ಟಿದೆ. (ಸೋಮವಾರವಾಗಿತ್ತು.)

"ಬ್ಯಾಟರಿ ದೋಣಿನಾ? ಅದು ಮಕ್ಕಳು ಸ್ನಾನದ ತೊಟ್ಟೀಲಿ ಬಿಡೋದು ಕಣೇ."

"ಹೋದ ತಿಂಗಳು ಪಕ್ಕದ ಕೌಂಟೀಲಿ ಆ ಮಕ್ಕಳ ದೋಣಿ ಮೂರು ಸುತ್ತು ಮುಗಿಸೋವಾಗ ನೀನಿನ್ನೂ ದಂಡೇಲಿ ಮಂಡಿಯೂರಿ ಎಂಜಿನ್ನು ಸ್ಟಾರ್ಟ್ ಮಾಡ್ತಿದ್ದೆ."

"ಅವತ್ತು ಹವಾ ಸರಿ ಇರ್ಲಿಲ್ಲ."

"ಅವರಿಗೂ ಅದೇ ಹವಾನೇ ಇತ್ತು ಮಾರಾಯ."

ಎಲ್ಡನ್ ಮೊಟ್ಟೆಗೆ ಉಪ್ಪು ಉದುರಿಸಿಕೊಂಡ. ಆಮೇಲೆ, "ವಿಲ್ಮರ್ ಕೂಡ ಬದಲಾಯಿಸಿದಾನಂತೆ," ಅಂದ. ವಿಲ್ಮರ್ ನಮ್ಮ ಕ್ಲಬ್ಬಿನ ಅಧ್ಯಕ್ಷ. ಪಂದ್ಯಗಳ ಋತುವಿನ ಕೊನೆಯ ಭಾನುವಾರ ಕರೆಂಟು ದೋಣಿಗಳಿಗೆಂದೇ ಒಂದು ಪಂದ್ಯ ಇಡುವುದಾಗಿಯೂ ಅವನು ಸಾರಿದ್ದ. ವಿಲ್ಮರ್ ಮಾಡಿದ್ದರಲ್ಲಿ ಎಲ್ಡನ್ ಮಾಡದೆ ಇದ್ದದ್ದು ಒಂದೇ, ಕೂದಲು ಉದುರಿಸಿಕೊಂಡದ್ದು.

ಕೆಲಸ ನನ್ನ ಅಡುಗೆಮನೆಯ ಮೇಜಿನ ಮೇಲೆ ನಡೆಯತಕ್ಕದ್ದೆಂದು ತೀರ್ಮಾನವಾಯಿತು. "ಗ್ಯಾರೇಜು ಗಲೀಜು, ಇದು ಶುದ್ಧವಾದ ಕೆಲಸ," ಎಂದು ಅವನ ವಾದ. ಶುದ್ಧವಾದ ಕೆಲಸದ ಮೊದಲ ಹಂತವಾಗಿ ಎಂಜಿನ್ನು, ಟ್ಯಾಂಕು, ಹೊಗೆ ಕೊಳವೆ ಎಲ್ಲ ಕಿತ್ತು, ಉಳಿದ ಮರದ ಒಡಲನ್ನು ನನ್ನ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಮುಳುಗಿಸಿದ. ಆ ಎಂಜಿನ್ನು ಕುಡಿಯುತ್ತಿದ್ದ ಎಣ್ಣೆಯಲ್ಲಿ ಹರಳೆಣ್ಣೆ ಬೆರೆತಿರುತ್ತದೆ. ವರ್ಷಗಟ್ಟಲೆ ಮರ ಅದನ್ನು ಹೀರಿಕೊಂಡಿತ್ತು. ಒಂದು ಶೀಸೆ ಸೋಪು ಮುಗಿದರೂ ನೀರು ಕಪ್ಪಾಗಿಯೇ ಬರುತ್ತಿತ್ತು. ಅವನು ಅದನ್ನು ಮಗುವಿನ ತಲೆ ತೊಳೆದಂತೆ ತೊಳೆದ. ನಮ್ಮ ಮನೆಯಲ್ಲಿ ನಿಜವಾಗಿ ಒಂದು ಮಗುವಿದ್ದ ಕಾಲದಲ್ಲಿ ಈ ಕಲೆ ಅವನಿಗೆ ಬರುತ್ತಿರಲಿಲ್ಲ.

ಆಮೇಲೆ ತೂಕ. ಬ್ಯಾಟರಿಗಳು ಭಾರ. ಎಲ್ಲಿ ಕೂರಿಸಬೇಕು ಎನ್ನುವುದೇ ಈ ವಿದ್ಯೆಯ ಮರ್ಮವಂತೆ. ಮುಂದಾದರೆ ಮೂಗು ನೀರಿಗೆ ಚುಚ್ಚುತ್ತದೆ, ಹಿಂದಾದರೆ ದೋಣಿ ಗಾಳಿಗೆ ಎದ್ದು ಮಗುಚುತ್ತದೆ. ದೋಣಿಯನ್ನು ಎರಡು ಬೆರಳ ತುದಿಯ ಮೇಲೆ ಎತ್ತಿ ಹಿಡಿದು, ಬ್ಯಾಟರಿಯನ್ನು ಕೂದಲೆಳೆಯಷ್ಟು ಸರಿಸುವನು, ಮತ್ತೆ ಎತ್ತುವನು, ಮತ್ತೆ ಸರಿಸುವನು. ಸೋಫಾವನ್ನು ಕಿಟಕಿಯ ಕಡೆ ಒಂದು ಅಡಿ ಸರಿಸು ಎಂದು ಎರಡು ವಸಂತಗಳಿಂದ ಕೇಳುತ್ತಿದ್ದೇನೆ. ಅವನಿಗೆ ಸೊಂಟ ನೋವು.

ಈ ಬ್ಯಾಟರಿಗಳು ಚಾರ್ಜಾಗುವಾಗ ಬೆಂಕಿ ಹತ್ತಿಕೊಳ್ಳಬಹುದಂತೆ. ಅದಕ್ಕಾಗಿ ನನ್ನ ಅಜ್ಜಿಯ ಕಬ್ಬಿಣದ ಪಾತ್ರೆ, ನಾನು ಭಾನುವಾರದ ಮಾಂಸ ಬೇಯಿಸುವ ಪಾತ್ರೆ, ಹಿತ್ತಲ ಮೆಟ್ಟಿಲಿಗೆ ಹೋಯಿತು. ಬ್ಯಾಟರಿಯನ್ನು ಅದರೊಳಗೆ ಮಲಗಿಸಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಮರಳಿನ ಬಕೆಟ್ಟು ಹಿಡಿದು ಅವನು ಕಾವಲು ಕೂರುತ್ತಿದ್ದ. ನಾವು ಸ್ಯಾಂಡ್‌ವಿಚ್ ತಿನ್ನುತ್ತಿದ್ದೆವು.

ಕೊನೆಗೆ ಸ್ನಾನದ ತೊಟ್ಟಿಯಲ್ಲಿ ಪರೀಕ್ಷೆ. (ಮಕ್ಕಳ ವಿಚಾರ ನಾನು ಎತ್ತಲಿಲ್ಲ.) ಮಿಸ್ ಡೀ ಒಮ್ಮೆ ನಡುಗಿ, ಪೂರ್ಣ ವೇಗದಲ್ಲಿ ಹಿಂದಕ್ಕೆ ಹೋಗಿ ಶಾಂಪೂ ಬಾಟಲಿಗಳನ್ನು ಕೆಡವಿತು.

"ಏನಿಲ್ಲ, ಮೋಟರಿಗೆ ಮೂರು ತಂತಿ ಇವೆಯಲ್ಲ, ಯಾವುದಾದ್ರೂ ಎರಡನ್ನ ಅದಲುಬದಲು ಮಾಡಿದ್ರೆ ಉಲ್ಟಾ ತಿರುಗೋದು ಸೀದಾ ತಿರುಗುತ್ತೆ," ಎಂದ ಎಲ್ಡನ್, ಮುಖ ಒರೆಸಿಕೊಳ್ಳುತ್ತ.

ಇಷ್ಟು ಸರಳವಾದ ಏರ್ಪಾಟನ್ನು ದೇವರು ಗಂಡಸರಲ್ಲಿ ಯಾಕೆ ಇಡಲಿಲ್ಲವೋ ಎಂದು ಟವೆಲು ಹಿಂಡುತ್ತ ಯೋಚಿಸಿದೆ. ಪರವಾಗಿಲ್ಲ. ಮುಂದಿನ ವಾರದಿಂದ ನನ್ನ ಗಂಟಲಿರುತ್ತದಲ್ಲ.

ಆ ಕೊನೆಯ ಭಾನುವಾರ ತಣ್ಣಗಿತ್ತು. ಮೇಪಲ್ ಎಲೆಗಳು ಕೊಳದ ಅಂಚಿಗೆ ಬಂದು ಕೆಂಪಗೆ ಸೇರಿಕೊಂಡಿದ್ದವು. ಆರು ಗಂಡಸರು ಮರದ ಅಟ್ಟಣೆಯ ಮೇಲೆ ಸಾಲಾಗಿ ನಿಂತರು, ಹಿಂದೆ ನಾವು ಕೂಗುವವರು. ನನ್ನ ಪಕ್ಕದಲ್ಲಿ ವಿಲ್ಮರನ ಹೆಂಡತಿ ರೊಬರ್ಟಾ.

"ಇವತ್ತು ಮೆತ್ತಗೆ ಹೇಳಿದ್ರೆ ಸಾಕು ಡೀ," ಎಂದಳು ಅವಳು.

"ನಂಗೆ ಹೇಳಿಕೊಡ್ತೀಯಾ? ಇದೆಲ್ಲ ನನ್ನದೇ ಯೋಚನೆ."

ಹಿಂದಕ್ಕೆ ಎಣಿಸುವ ಪಂದ್ಯದ ಗಡಿಯಾರ ಸೊನ್ನೆ ಮುಟ್ಟಿತು. ದೋಣಿಗಳು ಹೊರಟವು. ಹಳೆಯ ಬಟ್ಟೆ ಹರಿದಷ್ಟೇ ಸದ್ದು. ಇಷ್ಟು ವರ್ಷ ಬಂದು ಹೋದ ಆ ಕೊಳದಲ್ಲಿ ನೀರು ದಂಡೆಗೆ ತಾಗುವುದು ನನಗೆ ಅವತ್ತೇ ಕೇಳಿಸಿತು. ಎಲ್ಲೋ ಮೇಲೆ ಬಾತುಗಳ ಸಾಲೊಂದು ಮಾತಾಡಿಕೊಳ್ಳುತ್ತ ದಕ್ಷಿಣಕ್ಕೆ ಹೋಗುತ್ತಿತ್ತು. ರೊಬರ್ಟಾ ಪ್ರಾರ್ಥನೆಯ ಮಧ್ಯೆ ಚಾಡಿ ಹೇಳುವವಳ ಹಾಗೆ ವಿಲ್ಮರನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಎಷ್ಟು ಚಂದ ಎಂದುಕೊಂಡೆ. ಆಗ ಮೊದಲ ತಿರುವಿನಲ್ಲಿ, ಬಾವುಟದ ಪಕ್ಕ, ಒಳಗಡೆ ಒಂದು ಸಂದು ಕಾಣಿಸಿತು.

ನನ್ನ ಬಾಯಿಗೆ ಆ ಚಂದ ತಿಳಿಯಲಿಲ್ಲ. ಅದಕ್ಕೆ ತಿಳಿದಿದ್ದದ್ದು ಆರು ಎಂಜಿನ್ನುಗಳ ಮೇಲೆ ಕಿರುಚುವುದೊಂದೇ.

"ಒಳಗೆ. ಈಗ. ಒಳಗೆ ನುಗ್ಗು ಅಂದ್ರೆ ನುಗ್ಗು."

ಆಚೆ ದಡದ ಕಾಳಿನ ಉಗ್ರಾಣಕ್ಕೆ ಬಡಿದು ನನ್ನ ದನಿ ಇನ್ನೊಮ್ಮೆ ಅದೇ ಅಪ್ಪಣೆ ಕೊಟ್ಟಿತು. ಅಟ್ಟಣೆಯ ಮೇಲಿದ್ದವರೆಲ್ಲ ಮದುವೆಯಾದ ಗಂಡಸರು. ಬೆನ್ನ ಹಿಂದಿನಿಂದ ಆ ಸ್ವರದಲ್ಲಿ ಮಾತು ಬಂದರೆ ಯಾರಿಗೆ ಹೇಳಿದ್ದು ಎಂದು ವಿಚಾರಿಸುವ ಚಾಳಿ ಅವರಿಗಿಲ್ಲ. ಐದು ದೋಣಿಗಳು ಒಟ್ಟಿಗೆ, ಶಿಸ್ತಾಗಿ, ಒಂದು ದೋಣಿ ಹಿಡಿಯುವ ಸಂದಿಗೆ ನುಗ್ಗಿದವು. ಒಂದು ಇನ್ನೊಂದರ ಬೆನ್ನ ಮೇಲೇರಿತು. ಮತ್ತೊಂದು ಆಕಾಶಕ್ಕೆ ಹಾರಿ, ಸಾವಕಾಶವಾಗಿ ಮಗುಚಿ, ಹೊಟ್ಟೆ ಮೇಲಾಗಿ ಬಿತ್ತು. ಕೊಳದ ಮಧ್ಯೆ ಐದು ದೋಣಿಗಳ ಮುರುಕು ಮೆಲ್ಲಗೆ ತಿರುಗುತ್ತಿತ್ತು.

ಆರನೆಯದು ಮಾತ್ರ ಹೊರಗಿನಿಂದ ಆರಾಮಾಗಿ ಬಳಸಿಕೊಂಡು, ಒಂಟಿಯಾಗಿ ಸುತ್ತು ಮುಗಿಸಿ, ಗೆದ್ದು ದಂಡೆಗೆ ಬಂತು. ಮಿಸ್ ಡೀ. ಇಡೀ ಕೊಳದಲ್ಲಿ ನನ್ನ ಮಾತು ಕೇಳದಿದ್ದವನು ಒಬ್ಬನೇ, ನನ್ನ ಗಂಡ.

"ನಾನು ರೊಬರ್ಟಾ ಅಂದ್ಕೊಂಡೆ," ಎಂದ ವಿಲ್ಮರ್.

"ನಾನು ನಿನ್ನ ಕಿವೀಲೇ ಹೊರಗಿರು, ಹೊರಗಿರು ಅಂತಿದ್ನಲ್ಲೋ."

"ಜೋರಾಗಿ ಕೇಳ್ಸಿದ್ದೇ ನಿನ್ನದು ಅಂತ ಅಭ್ಯಾಸ ಕಣೇ."

ನಾನು ಎಲ್ಡನ್ನನ ಕಡೆ ತಿರುಗಿದೆ. "ನೀನ್ಯಾಕೆ ಒಳಗೆ ಹೋಗ್ಲಿಲ್ಲ?"

"ಅಲ್ಲಿ ಜಾಗ ಇರ್ಲಿಲ್ಲ."

"ಇಷ್ಟು ವರ್ಷ ನಾನು ಹೇಳ್ದಂಗೆ ಹೋಗ್ತಿದ್ಯಲ್ಲ?"

ಅವನು ರೇಡಿಯೋ ಪೆಟ್ಟಿಗೆಯ ಕಡ್ಡಿಯನ್ನು ಸುಮ್ಮನೆ ಒಮ್ಮೆ ಒರೆಸಿದ. "ಡೀ, ಆ ಗದ್ದಲದಲ್ಲಿ ನಂಗೇನಾದ್ರೂ ಕೇಳಿಸ್ತಿತ್ತು ಅಂದ್ಕೊಂಡಿದ್ಯಾ? ನೀನು ಹೇಳೋ ಮಾತು ಕಿವಿಗೆ ಬಿದ್ದಿದ್ದು ಇವತ್ತೇ ಮೊದಲು."

"ಹೆಗಲಿಗೆ ಗುದ್ದುತಿದ್ನಲ್ಲ?"

"ಗುದ್ದುತಿದ್ದೆ. ಹುಮ್ಮಸ್ಸು ತುಂಬೋಕೆ ಅಂದ್ಕೊಂಡಿದ್ದೆ."

"ಮತ್ತೆ ನಾನ್ಯಾಕೆ ಅಲ್ಲಿ ನಿಂತಿರ್ತಿದ್ದೆ, ಇಷ್ಟು ವರ್ಷ, ಗಂಟಲು ಹರ್ಕೊಂಡು?"

ಅವನು ಯೋಚಿಸಿದ. "ಹಿಂದೆ ನೀನು ನಿಂತಿದ್ರೆ ಬೆನ್ನಿಗೆ ಬೆಚ್ಚಗಿರ್ತಿತ್ತು."

ಇದನ್ನು ಅವನು ಮೆಲ್ಲಗೇ ಹೇಳಿದ್ದು. ಆದರೆ ನಾನು ಕಾಡಿ ಬೇಡಿ ತರಿಸಿದ ಆ ನಿಶ್ಶಬ್ದದಲ್ಲಿ ಇಡೀ ಕ್ಲಬ್ಬಿಗೆ ಕೇಳಿಸಿತು. ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ರೊಬರ್ಟಾ ಮೂಗು ಒರೆಸಿಕೊಂಡಳು. ಚಕ್ರವರ್ತಿನಿಯಾಗಿ ಬಂದವಳು ಕಂಬಳಿಯಾಗಿ ನಿಂತಿದ್ದೆ.

ವಿಲ್ಮರ್ ಗಂಟಲು ಸರಿಮಾಡಿಕೊಂಡ. "ಡೀ, ಬೇಜಾರು ಮಾಡ್ಕೋಬೇಡ. ಡಿಕ್ಕಿಗೆ ಯಾರು ಕಾರಣಾನೋ ಅವರೇ ಹೋಗಿ ಎಲ್ಲರ ದೋಣಿ ಎತ್ಕೊಂಡು ಬರ್ಬೇಕು. ಕ್ಲಬ್ಬಿನ ನಿಯಮ."

ದಂಡೆಯಲ್ಲಿ ಅದಕ್ಕೆಂದೇ ಒಂದು ತಗಡಿನ ದೋಣಿ ಕಟ್ಟಿರುತ್ತದೆ, ಇದು ಹತ್ತಿ ಕೂರುವಂಥದ್ದು. ಹತ್ತಿ ಕೂತೆ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಎಲ್ಲಿಗೆ ಹೋಗುತ್ತಿದ್ದೇನೆ ಎನ್ನುವುದು ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ದಂಡೆ, ಅಲ್ಲಿ ಸಾಲಾಗಿ ನಿಂತ ಜನ, ಅವರ ಮಧ್ಯೆ ಕೈಗೆ ಕಾಫಿ ತೆಗೆದುಕೊಂಡ ಎಲ್ಡನ್.

"ಎಡಕ್ಕೆ," ಎಂದ ಅವನು. ಕೂಗಲಿಲ್ಲ. ಊಟದ ಮೇಜಿನಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದ, ಅದು ನೀರಿನ ಮೇಲೆ ಜಾರಿಕೊಂಡು ಒಂದಕ್ಷರವೂ ಸವೆಯದೆ ನನ್ನವರೆಗೆ ಬಂತು. "ಇನ್ನೂ ಸ್ವಲ್ಪ ಎಡಕ್ಕೆ, ಡೀ."

ನಾನು ತಲೆ ಎತ್ತಿ ಕಿವಿಗೊಟ್ಟೆ. ಬಾತುಗಳೂ ಹೋಗಿಬಿಟ್ಟಿದ್ದವು. ಕೇಳಿಸಲಿಲ್ಲ ಎಂದು ನೆಪ ಹೇಳುವುದಕ್ಕೆ ಆ ಕೊಳದಲ್ಲಿ ಒಂದೇ ಒಂದು ಸದ್ದೂ ಉಳಿದಿರಲಿಲ್ಲ.

ಎಡಕ್ಕೆ ತಿರುಗಿಸಿದೆ.