ನನ್ನ ಮಾತನ್ನು ನಾನೇ ಕದ್ದೆನಂತೆ!

ಕಳ್ಳಿ ಎನ್ನಿಸಿಕೊಳ್ಳುವುದಕ್ಕೂ ಒಂದು ವಯಸ್ಸು ಬೇಡವೇ? ನನಗೀಗ ಐವತ್ಮೂರು. ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ಬೆಳಗ್ಗೆ ವಾಕಿಂಗಿಗೆ ಹೊರಟವರೆಲ್ಲ ದೇವರ ಹೆಸರು ಹೇಳಿ ಕಂಡವರ ಕುಂಡದ ದಾಸವಾಳಕ್ಕೆ ಕೈಹಾಕುವಾಗ, ಬೆಲ್ ಒತ್ತಿ, ಕೇಳಿ, ಎರಡೇ ಎರಡು ಕೊಯ್ಯುವವಳು ನಾನೊಬ್ಬಳೇ. ಕದ್ದ ಹೂವನ್ನು ಕೃಷ್ಣ ಬೇಡವೆನ್ನಲಾರ. ಬೆಣ್ಣೆಯ ವಿಷಯದಲ್ಲಿ ಅವನ ಕೈಯೂ ಅಷ್ಟೇನೂ ಶುದ್ಧವಲ್ಲ. ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಇಂಥ ನನ್ನನ್ನು ಒಂದು ಕಂಪ್ಯೂಟರು ಕಳ್ಳಿ ಎಂದಿತು.

ಮಗಳು ಕೆಲಸಕ್ಕೆ ಸೇರಿದ ಮೇಲೆ ನಾನು ಕನ್ನಡ ಎಂ.ಎ.ಗೆ ಸೇರಿದೆ. ಕುಕ್ಕರಿನ ಸೀಟಿ ಎಣಿಸುತ್ತ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ನು ಹಿಡಿದು ಮುಂಬಯಿಯ ಕನ್ನಡ ಮಹಿಳೆಯರ ಭಜನಾ ಮಂಡಳಿಗಳ ಮೇಲೆ ಸಂಪ್ರಬಂಧ ಬರೆದು ಮುಗಿಸಿದೆ. ಆ ದಿನಗಳಲ್ಲಿ ಹಾಲು ಉಕ್ಕಿದ್ದು ಮೂರೇ ಸಲ, ಸಾರು ತಳ ಹಿಡಿದದ್ದು ಒಂದೇ ಸಲ. ದೇವರು ದೊಡ್ಡವನು ಎಂದುಕೊಂಡು ಮಾರ್ಗದರ್ಶಕರಾದ ಸರ್ ಕೈಗೆ ಒಪ್ಪಿಸಿದೆ.

ಈಗ ಕನ್ನಡವನ್ನೂ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಹಾಕುತ್ತಾರಂತೆ. ಬೇರೆಲ್ಲೋ ಇರುವ ಸಾಲು ಕಂಡರೆ ಅದು ಕೆಂಪು ಬಳಿಯುತ್ತದೆ. ಮರುದಿನವೇ ವರದಿ ಬಂತು. ಅದನ್ನು ಮೊಬೈಲಿನಲ್ಲಿ ತೆರೆದ ಮಗಳು, “ಅಮ್ಮಾ, ಏ ಕ್ಯಾ ಹೈ? ಪೂರಾ ಲಾಲ್ ಉಂಟಲ್ಲ!” ಎಂದಳು. ಮೊದಲ ಪುಟದ ತಲೆಯ ಮೇಲಿದ್ದ ‘ಶ್ರೀಕೃಷ್ಣಾಯ ನಮಃ’ ಕೂಡ ಕೆಂಪು! ಕೃಷ್ಣನ ಹೆಸರನ್ನು ನಾನು ಯಾರ ಮನೆಯಿಂದ ಕದ್ದು ತಂದೆ? ಅಜ್ಜಿಯಿಂದ ಕಲಿತ ಮಂಗಳಾರತಿ ಹಾಡು ಕೆಂಪು. ಎರಡನೆಯ ಅಧ್ಯಾಯವಂತೂ ಮೊದಲಿನಿಂದ ಕೊನೆಯವರೆಗೆ ಕುಂಕುಮದ ನೀರು ಚೆಲ್ಲಿದ ಹಾಗೆ.

ಲೋಕಲ್ ಟ್ರೈನ್ ಹಿಡಿದು ಸರ್ ಹತ್ತಿರ ಓಡಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು; ಅಷ್ಟಾದರೂ ಸಿಕ್ಕಿತಲ್ಲ. ಸರ್ ವಯಸ್ಸಿನಲ್ಲಿ ನನ್ನ ತಮ್ಮನಿಗಿಂತ ಚಿಕ್ಕವರು. “ಮೇಡಂ, ದೇವರ ಹೆಸರು, ಹಾಡು ಬಿಡಿ, ಅದಕ್ಕೆ ಅಡಿಟಿಪ್ಪಣಿ ಹಾಕಿದ್ರೆ ಸಾಕು. ಆದ್ರೆ ಎರಡನೇ ಅಧ್ಯಾಯ ಒಂದು ಸ್ಮರಣ ಸಂಚಿಕೆಯ ಲೇಖನದಲ್ಲಿ ಹಾಗೇ ಇದೆ. ಸಂಚಿಕೆ ಅಂತರ್ಜಾಲದಲ್ಲಿದೆ,” ಎಂದು ಲೇಖಕರ ಹೆಸರು ಓದಿದರು. ಅದು ನಮ್ಮವರ ಹೆಸರು.

ಸಂಚಿಕೆ ನಮ್ಮ ಭಾಂಡುಪಿನ ಕನ್ನಡಿಗರ ಮಂಡಳಿಯದು. ಅಲ್ಲಿನ ಪದ್ಧತಿಯೇ ಹಾಗೆ. ಮನೆಗೊಂದು ಸದಸ್ಯತ್ವ, ಅದು ಯಜಮಾನರ ಹೆಸರಿನಲ್ಲಿ. ಹಾಗಾಗಿ ಸಂಚಿಕೆಗೆ ಮನೆಯಿಂದ ಯಾರು ಬರೆದರೂ ಅಚ್ಚಾಗುವುದು ಯಜಮಾನರ ಹೆಸರೇ. ಹೆಂಗಸರು ಕೋಸಂಬರಿ ಮಾಡಿಕೊಟ್ಟ ಹಾಗೆ ಲೇಖನವನ್ನೂ ಮಾಡಿಕೊಡುತ್ತಾರೆ. ವರ್ಷಗಳ ಹಿಂದಿನ ಆ ಲೇಖನ ನಾನು ಬರೆದದ್ದು; ನನ್ನದೇ ಅಲ್ಲವೇ ಎಂದು ಎರಡನೆಯ ಅಧ್ಯಾಯಕ್ಕೆ ಅದನ್ನೇ ಹಾಕಿಕೊಂಡಿದ್ದೆ. ಸಭೆಯಲ್ಲಿ ಶಾಲು ಹೊದ್ದು ಕೈಮುಗಿದದ್ದು ಇವರು. ಅವರ ಹೆಸರೇನು ಬೇರೆಯಾ, ನನ್ನದೇನು ಬೇರೆಯಾ ಎಂದುಕೊಂಡು ನಾನೂ ಚಪ್ಪಾಳೆ ತಟ್ಟಿದ್ದೆ. ಬೇರೆ ಎಂದು ಈಗ ಕಂಪ್ಯೂಟರು ಹೇಳಿತು.

ಇಷ್ಟನ್ನೂ ಹೇಳಿದ ಮೇಲೆ, “ನಿಮ್ಮ ಕೈಬರಹದ ಪ್ರತಿ ಇದೆಯಾ?” ಎಂದರು ಸರ್. ರದ್ದಿಗೆ ಹೋಗಿ ವರ್ಷಗಳಾದವು. “ಹಾಗಾದ್ರೆ ಅದು ತಮ್ಮದಲ್ಲ ಅಂತ ನಿಮ್ಮ ಯಜಮಾನರಿಂದ ಪತ್ರ ತನ್ನಿ. ಸೋಮವಾರದೊಳಗೆ. ಇಲ್ಲದಿದ್ರೆ ಈ ವರ್ಷ ಕಳೆದುಕೊಂಡ ಹಾಗೇ.”

ನಮ್ಮವರು ಮಾಟುಂಗದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ವಿಷಯ ಕೇಳಿ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು.

“ಎಂಥ ಹೇಳ್ತೀ ಮಾರಾಯ್ತಿ! ಮಂಡಳಿಯವರಿಗೆ ಗೊತ್ತಾದ್ರೆ ನನ್ನ ಮರ್ಯಾದೆ?”

“ನಿಮ್ಮದು ಮರ್ಯಾದೆ, ನನ್ನದು ಕಡಲೆಹಿಟ್ಟಾ? ಕಳ್ಳಿ ಅಂತ ಹೇಳಿಸಿಕೊಂಡದ್ದು ನಾನು!”

“ಸಿಟ್ಟು ಯಾಕೆ? ಬರೀತೇನೆ.” ಆಮೇಲೆ ತಲೆ ಕೆರೆದುಕೊಂಡರು. “ಹೇಗೆ ಬರೆಯುವುದು ಅಂತ ಗೊತ್ತಾಗ್ತಿಲ್ಲ. ನೀನೇ ಬರೆದು ಕೊಡು, ಸೈನ್ ಹಾಕ್ತೇನೆ.”

ಬರೆದೆ. ವಿನಯ, ಪಶ್ಚಾತ್ತಾಪ, ಪತ್ನಿಯ ಪ್ರತಿಭೆಗೊಂದು ನಮಸ್ಕಾರ, ಯಾವುದನ್ನೂ ಬಿಡಲಿಲ್ಲ. ಸರ್ ಓದಿ ಕನ್ನಡಕ ತೆಗೆದರು. “ಆಹಾ, ಎಂಥ ಕನ್ನಡ! ಇಷ್ಟು ಚೆನ್ನಾಗಿ ಬರೆಯುವವರು ಆ ಲೇಖನ ತಮ್ಮದಲ್ಲ ಅಂದ್ರೆ ಯಾರು ನಂಬ್ತಾರೆ ಮೇಡಂ?”

“ಸರ್, ಇದನ್ನೂ ನಾನೇ...” ಎಂದೆ.

ಅವರು ಮೇಜು ತಟ್ಟಿ ನಕ್ಕರು. “ಕೃತಿಚೌರ್ಯ ಇಲ್ಲ ಅಂತ ತೋರಿಸುವ ಪತ್ರವೂ ನಿಮ್ಮದೇ! ಹೋಗಿ, ಅವರ ಕೈಯಿಂದಲೇ ಎರಡು ಸಾಲು ಬರೆಸಿ ತನ್ನಿ. ನೀವು ಹತ್ತಿರ ಕೂಡ ಹೋಗಬೇಡಿ.”

ಭಾನುವಾರ ಇವರನ್ನು ಬಾಲ್ಕನಿಯಲ್ಲಿ ಕೂರಿಸಿ ನಾನು ದೇವರ ಮುಂದೆ ಕೂತೆ. ಸಹಸ್ರನಾಮ ಎರಡು ಸಲ ಮುಗಿದರೂ ಇವರ ಎರಡು ಸಾಲು ಮುಗಿದಿರಲಿಲ್ಲ. ಕೊನೆಗೆ ಬೆವರು ಒರೆಸುತ್ತ ಬಂದು ಕಾಗದ ಕೊಟ್ಟರು. ಅದರಲ್ಲಿ ಹೀಗಿತ್ತು: ‘ಲೇಖನ ನನ್ನ ಹೆಂಡತಿಯದ್ದು. ನಾನು ಅದನ್ನು ಇವತ್ತಿನವರೆಗೆ ಓದಿಯೂ ಇಲ್ಲ.’

ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರು ಕೊಟ್ಟಾರು? ನನ್ನ ವರ್ಷ ಉಳಿದ ಹಾಗೇ. ಆದರೂ ಕಣ್ಣು ಆ ಎರಡನೆಯ ಸಾಲನ್ನು ಬಿಟ್ಟು ಕದಲಲಿಲ್ಲ. ಓದಿ, ಮೆಚ್ಚಿ, ಹೆಮ್ಮೆಯಿಂದಲೇ ಹೆಸರು ಹಾಕಿಸಿಕೊಂಡರು ಎಂದು ಇಷ್ಟು ವರ್ಷ ನಂಬಿದ್ದವಳು ನಾನು. ‘ಓದಿಯೂ ಇಲ್ಲ’ ಎಂಬುದನ್ನು ‘ಓದಿ ಬಹಳ ಮೆಚ್ಚಿದ್ದೆ’ ಎಂದು ತಿದ್ದಲು ಪೆನ್ನನ್ನೂ ಎತ್ತಿಕೊಂಡೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಕೃಷ್ಣನ ಮುಖ ನೋಡಿ, ಪೆನ್ನು ಕೆಳಗಿಟ್ಟು, ಲಕೋಟೆಗೆ ಅಂಟು ಹಚ್ಚಿದೆ. ನಮ್ಮವರು ಸ್ವಂತವಾಗಿ ಬರೆದದ್ದು ಲೋಕದಲ್ಲಿ ಅದೊಂದೇ ಉಂಟು. ಅದಕ್ಕೂ ನಾನು ಕೈಹಾಕಿದರೆ ಹೇಗೆ?